ಜ್ವರ ಇಳಿದ ಮೇಲಿನ ದಿನಗಳು

ಫ್ಲೂ ತಗುಲಿ ಆಸ್ಪತ್ರೆ ಸೇರಿದವರ ಜ್ವರದ ಪಟ್ಟಿಯಲ್ಲಿ ಅನುಭವಿ ವೈದ್ಯರ ಕಣ್ಣು ಹುಡುಕುವುದು ಎರಡನೆಯ ಏರನ್ನು. ಮೊದಲ ಮೂರ್ನಾಲ್ಕು ದಿನ 102, 103 ಡಿಗ್ರಿ ಜ್ವರ ಸುಡುತ್ತದೆ. ಐದನೆಯ ದಿನದ ಹೊತ್ತಿಗೆ ಮೈ ತಣ್ಣಗಾಗಿ ರೋಗಿ ಎದ್ದು ಕೂತು ಗಂಜಿ ಕುಡಿಯುತ್ತಾರೆ, ಡಿಸ್ಚಾರ್ಜ್ ಯಾವಾಗ ಎಂದು ಮನೆಯವರು ಸಿಸ್ಟರನ್ನು ಕೇಳತೊಡಗುತ್ತಾರೆ. ಹೆಚ್ಚಿನವರು ಮನೆಗೆ ಹೋಗುತ್ತಾರೆ ಕೂಡ. ಕೆಲವರಿಗೆ ಮಾತ್ರ ಏಳನೆಯ ದಿನವೋ ಎಂಟನೆಯ ದಿನವೋ ಮತ್ತೆ ಚಳಿ ಹಿಡಿದು ನಡುಕ ಬರುತ್ತದೆ. ಒಣಕೆಮ್ಮು ಇದ್ದದ್ದು ಕಫಕ್ಕೆ ತಿರುಗುತ್ತದೆ, ಕಫದಲ್ಲಿ ತುಕ್ಕಿನ ಬಣ್ಣ ಕಾಣುತ್ತದೆ, ಉಸಿರೆಳೆದರೆ ಪಕ್ಕೆ ಚುಚ್ಚುತ್ತದೆ. ಎಕ್ಸ್‌ರೇ ತೆಗೆದರೆ ಕಪ್ಪಗೆ ಕಾಣಬೇಕಾಗಿದ್ದ ಶ್ವಾಸಕೋಶದ ಒಂದು ಭಾಗ ಬೆಳ್ಳಗಾಗಿರುತ್ತದೆ. ಗಾಳಿ ಇರಬೇಕಾದ ಜಾಗದಲ್ಲಿ ಕೀವು, ನೀರು ತುಂಬಿಕೊಂಡಿದೆ. ಅದು ನ್ಯುಮೋನಿಯಾ.

ಅದೇ ವೈರಸ್, ಅದೇ ವಾರ್ಡು, ಅದೇ ವಾರ. ಅಕ್ಕಪಕ್ಕದ ಮಂಚಗಳಲ್ಲಿ ಮಲಗಿದ್ದ ಇಬ್ಬರಲ್ಲಿ ಒಬ್ಬರಿಗೆ ಹೀಗಾಗಿ ಇನ್ನೊಬ್ಬರಿಗೆ ಏಕೆ ಆಗಲಿಲ್ಲ? ವೈದ್ಯಕೀಯ ಪುಸ್ತಕಗಳು ಇದಕ್ಕೆ ಒಂದು ಪಟ್ಟಿ ಕೊಡುತ್ತವೆ: 65 ದಾಟಿದ ವಯಸ್ಸು ಅಥವಾ ತೀರಾ ಎಳೆಯ ವಯಸ್ಸು, ಬಸಿರು, ಸಕ್ಕರೆ ಕಾಯಿಲೆ, ಬೊಜ್ಜು, ಅಸ್ತಮಾ, ಬೀಡಿ ಸಿಗರೇಟು, ಪಾರ್ಶ್ವವಾಯು, ಮೂತ್ರಪಿಂಡದ ದೋಷ, ಎದ್ದು ಓಡಾಡದೆ ಮಲಗಿಯೇ ಇರುವುದು. ಪಟ್ಟಿ ಸರಿಯಾಗಿಯೇ ಇದೆ. ಆದರೆ ಓದಿದವರಿಗೆ ಎಲ್ಲವೂ ಹಣೆಬರಹದಂತೆ ಕಾಣುತ್ತದೆ. ವಯಸ್ಸನ್ನು ಯಾರೂ ಇಳಿಸಲಾರರು, ಮಂಚದ ತಲೆಭಾಗವನ್ನು ಯಾರು ಬೇಕಾದರೂ ಏರಿಸಬಹುದು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ ನಮ್ಮ ಕೈಯಲ್ಲಿರುವುದರ ಕಡೆಗೆ ಗಮನವೇ ಹೋಗುವುದಿಲ್ಲ. ಈ ಅಧ್ಯಾಯದುದ್ದಕ್ಕೂ ನನ್ನ ತಕರಾರು ಅದೇ.

1918ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್ ಬಳಿಯ ಕ್ಯಾಂಪ್ ಡೆವೆನ್ಸ್ ಎಂಬ ಸೇನಾ ಶಿಬಿರದಲ್ಲಿ ಇನ್‌ಫ್ಲುಯೆಂಜಾ ಕಾಣಿಸಿಕೊಂಡಿತು. ಶಿಬಿರದಲ್ಲಿ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು ಸೈನಿಕರನ್ನು ತುಂಬಿದ್ದರು. ತಿಂಗಳು ಮುಗಿಯುವಷ್ಟರಲ್ಲಿ 14,000ಕ್ಕೂ ಹೆಚ್ಚು ಮಂದಿ ಮಲಗಿದ್ದರು, 750ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಎಲ್ಲರೂ ಗಟ್ಟಿಮುಟ್ಟಾದ ಯುವಕರು. ಶವಪರೀಕ್ಷೆ ನೋಡಲು ಬಂದ ವಿಲಿಯಂ ವೆಲ್ಚ್ ಆ ಕಾಲದ ಅಮೆರಿಕದ ಅತ್ಯಂತ ಹೆಸರಾಂತ ರೋಗಶಾಸ್ತ್ರಜ್ಞ. ಸತ್ತವರ ಶ್ವಾಸಕೋಶಗಳು ನೀಲಿಗಟ್ಟಿ, ನೊರೆನೀರು ತುಂಬಿ ಭಾರವಾಗಿದ್ದವು. ಅದೇ ಶರತ್ಕಾಲದಲ್ಲಿ, ಮಳೆ ಕೈಕೊಟ್ಟ ವರ್ಷದಲ್ಲಿ, ಭಾರತದಲ್ಲೂ ಇದೇ ಜ್ವರ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂಡೊಯ್ದಿತು.

ಕೊಂದದ್ದು ಯಾವುದು ಎಂಬುದರ ಬಗ್ಗೆ ಆಗಿನ ವೈದ್ಯರಿಗೆ ಒಂದು ಉತ್ತರ ಸಿದ್ಧವಾಗಿತ್ತು. ಜರ್ಮನಿಯ ರಿಚರ್ಡ್ ಫೈಫರ್ 1892ರಲ್ಲಿ ಫ್ಲೂ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಕಂಡು ರೋಗಕ್ಕೆ ಅದೇ ಕಾರಣ ಎಂದಿದ್ದ. 1918ರಲ್ಲಿ ಹುಡುಕಿದಾಗ ಕೆಲವರಲ್ಲಿ ಅದು ಸಿಕ್ಕಿತು, ಹಲವರಲ್ಲಿ ಸಿಗಲಿಲ್ಲ, ಬದಲಿಗೆ ನ್ಯುಮೋಕಾಕಸ್, ಸ್ಟ್ರೆಪ್ಟೋಕಾಕಸ್, ಸ್ಟ್ಯಾಫಿಲೋಕಾಕಸ್ ಸಿಕ್ಕವು. ವೈರಸ್ ಕೈಗೆ ಸಿಗಲು 1933ರ ವರೆಗೆ ಕಾಯಬೇಕಾಯಿತು. ಲಂಡನ್‌ನ ವಿಲ್ಸನ್ ಸ್ಮಿತ್, ಕ್ರಿಸ್ಟಫರ್ ಆಂಡ್ರೂಸ್, ಪ್ಯಾಟ್ರಿಕ್ ಲೇಡ್ಲಾ ಎಂಬ ಮೂವರು ಫ್ಲೂ ರೋಗಿಯ ಗಂಟಲು ತೊಳೆದ ನೀರನ್ನು ಬ್ಯಾಕ್ಟೀರಿಯಾ ದಾಟಲಾಗದ ಸೋಸುಕದಲ್ಲಿ ಸೋಸಿ ಫೆರೆಟ್ ಎಂಬ ಪ್ರಾಣಿಗಳ ಮೂಗಿಗೆ ಬಿಟ್ಟಾಗ ಅವಕ್ಕೆ ಫ್ಲೂ ಬಂತು.

ಆದರೆ ನಮ್ಮ ಪ್ರಶ್ನೆಗೆ ಹತ್ತಿರದ ಪ್ರಯೋಗ ಅದಕ್ಕಿಂತ ಎರಡು ವರ್ಷ ಮೊದಲೇ ಹಂದಿಗಳ ಮೇಲೆ ನಡೆದಿತ್ತು. ಅಯೋವಾದಲ್ಲಿ ಹುಟ್ಟಿ ಬೆಳೆದ ರಿಚರ್ಡ್ ಶೋಪ್ ತನ್ನೂರ ಕಡೆಯ ಹಂದಿಗಳಿಗೆ ಬರುತ್ತಿದ್ದ ಫ್ಲೂವನ್ನು ಪರೀಕ್ಷಿಸಿದ. ಸೋಸಿದ ದ್ರವವನ್ನಷ್ಟೇ ಕೊಟ್ಟರೆ ಹಂದಿಗಳಿಗೆ ಸಣ್ಣ ಜ್ವರ ಬಂದು ಹೋಗುತ್ತಿತ್ತು. ಬ್ಯಾಕ್ಟೀರಿಯಾವನ್ನಷ್ಟೇ ಕೊಟ್ಟರೆ ಏನೂ ಆಗುತ್ತಿರಲಿಲ್ಲ. ಎರಡನ್ನೂ ಸೇರಿಸಿ ಕೊಟ್ಟಾಗ ಊರಿನ ಹಂದಿಗಳಲ್ಲಿ ಕಂಡ ಅದೇ ಘೋರ ನ್ಯುಮೋನಿಯಾ ಬಂತು. 1931ರಲ್ಲಿ ಪ್ರಕಟವಾದ ಈ ಸರಳ ಪ್ರಯೋಗ ಎಷ್ಟು ದೊಡ್ಡ ಮಾತು ಹೇಳುತ್ತಿತ್ತೆಂದು ಬಹಳ ಜನಕ್ಕೆ ತಿಳಿದದ್ದು ಮುಕ್ಕಾಲು ಶತಮಾನದ ನಂತರ. 2008ರಲ್ಲಿ ಡೇವಿಡ್ ಮೊರೆನ್ಸ್, ಜೆಫರಿ ಟಾಬೆನ್‌ಬರ್ಗರ್, ಆಂಟನಿ ಫೌಚಿ ಮೂವರೂ 1918ರಲ್ಲಿ ಸತ್ತ 58 ಜನರ ಕಾದಿಟ್ಟ ಶ್ವಾಸಕೋಶದ ತುಣುಕುಗಳನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟರು, 15 ದೇಶಗಳ 8,398 ಶವಪರೀಕ್ಷೆಗಳ ವರದಿ ಓದಿದರು. ಸತ್ತವರಲ್ಲಿ ಬಹುಪಾಲು ಜನರ ಶ್ವಾಸಕೋಶದಲ್ಲಿ, ವೈರಸ್ ದಾಳಿ ಮಾಡಿದ ಜಾಗದಲ್ಲೇ, ಬ್ಯಾಕ್ಟೀರಿಯಾದ ನ್ಯುಮೋನಿಯಾ ಇತ್ತು. ಆ ಬ್ಯಾಕ್ಟೀರಿಯಾಗಳೆಲ್ಲ ಆರೋಗ್ಯವಂತರ ಮೂಗು ಗಂಟಲುಗಳಲ್ಲಿ ಸುಮ್ಮನೆ ಬಾಳುವಂಥವೇ.

ಗಂಟಲಲ್ಲಿ ಸುಮ್ಮನಿದ್ದದ್ದು ಶ್ವಾಸಕೋಶಕ್ಕೆ ಇಳಿಯುವುದು ಹೇಗೆ? ನಮ್ಮ ಶ್ವಾಸನಾಳದ ಒಳಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿ ಬೀಸಿದಾಗ ರಾಗಿ ಹೊಲ ಒಂದೇ ದಿಕ್ಕಿಗೆ ಅಲೆಯಲೆಯಾಗಿ ಬಾಗುವಂತೆ ಅವು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಬಾಗಿ ಏಳುತ್ತವೆ. ಅವುಗಳ ಮೇಲೆ ಹಾಸಿದ ತೆಳು ಲೋಳೆ, ಸಿಕ್ಕಿಬಿದ್ದ ಧೂಳು, ಬ್ಯಾಕ್ಟೀರಿಯಾಗಳ ಸಮೇತ ನಿಮಿಷಕ್ಕೆ ಕೆಲವು ಮಿಲಿಮೀಟರ್‌ನಂತೆ ಗಂಟಲಿನ ಕಡೆಗೆ ಏರುತ್ತದೆ. ನಾವು ಗೊತ್ತಿಲ್ಲದೇ ಅದನ್ನು ನುಂಗಿಬಿಡುತ್ತೇವೆ. ಇಷ್ಟಾಗಿಯೂ ನುಸುಳಿಕೊಂಡು ಸುಮಾರು 48 ಕೋಟಿ ಗಾಳಿಗೂಡುಗಳ ವರೆಗೆ ಹೋದ ಬ್ಯಾಕ್ಟೀರಿಯಾಗಳನ್ನು ಅಲ್ಲಿ ಕಾವಲಿರುವ ಮಹಾಭಕ್ಷಕ ಕೋಶಗಳು ತಿಂದು ಮುಗಿಸುತ್ತವೆ. ಫ್ಲೂ ವೈರಸ್ ನುಗ್ಗುವುದು ಈ ರೋಮವಿರುವ ಕೋಶಗಳಿಗೇ. ನಾಲ್ಕೈದು ದಿನಗಳಲ್ಲಿ ಅವು ಸತ್ತು ಉದುರಿ ಗೋಡೆ ಬೋಳಾಗುತ್ತದೆ. ವೈರಸ್ಸಿನ ನ್ಯೂರಮಿನಿಡೇಸ್ ಎಂಬ ಕಿಣ್ವ ಕೋಶಗಳ ಮೇಲಿನ ಸಿಯಾಲಿಕ್ ಆಮ್ಲವನ್ನು ಕತ್ತರಿಸಿ ಹಾಕುತ್ತದೆ. ಅದರಿಂದ ನ್ಯುಮೋಕಾಕಸ್‌ಗೆ ಅಂಟಿಕೊಳ್ಳಲು ಜಾಗವೂ ಸಿಗುತ್ತದೆ, ಆ ಕತ್ತರಿಸಿದ ಸಕ್ಕರೆಯೇ ಅದಕ್ಕೆ ಆಹಾರವೂ ಆಗುತ್ತದೆ.

ಮೆಂಫಿಸ್ ನಗರದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯಲ್ಲಿ ಜೊನಾಥನ್ ಮೆಕಲರ್ಸ್ 2002ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದರ ಕಾಲಗಣನೆಯನ್ನು. ಫ್ಲೂ ಕೊಟ್ಟು ಏಳು ದಿನ ಬಿಟ್ಟು ನ್ಯುಮೋಕಾಕಸ್ ಕೊಟ್ಟರೆ ಎಲ್ಲ ಇಲಿಗಳೂ ಸತ್ತವು. ಮೊದಲು ನ್ಯುಮೋಕಾಕಸ್, ಆಮೇಲೆ ಫ್ಲೂ ಎಂದು ತಿರುಗುಮುರುಗು ಮಾಡಿದರೆ ಸಾಯುವುದಿರಲಿ, ಇಲಿಗಳು ಫ್ಲೂವನ್ನೇ ಹೆಚ್ಚು ಚೆನ್ನಾಗಿ ತಾಳಿಕೊಂಡವು. ಏಳನೆಯ ದಿನದಲ್ಲಿ ಏನಿದೆ? 2008ರಲ್ಲಿ ಇನ್ನೊಂದು ತಂಡ ಅದಕ್ಕೆ ಕಾರಣವನ್ನು ಕಂಡಿತು. ವೈರಸ್ಸನ್ನು ಗೆಲ್ಲಲು ದೇಹ ಸುರಿಸುವ ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕವೇ ಗಾಳಿಗೂಡಿನ ಮಹಾಭಕ್ಷಕ ಕೋಶಗಳು ಬ್ಯಾಕ್ಟೀರಿಯಾವನ್ನು ಹಿಡಿಯದಂತೆ ತಡೆಯುತ್ತಿತ್ತು. ವೈರಸ್ ಸೋತು ಜ್ವರ ಇಳಿಯುವ ದಿನಗಳಲ್ಲೇ ಬ್ಯಾಕ್ಟೀರಿಯಾ ಎದುರಿಸುವ ಶಕ್ತಿ ಅತಿ ಕಡಿಮೆ. ಡಿಸ್ಚಾರ್ಜ್ ಮಾತು ಬರುವುದೂ ಸರಿಯಾಗಿ ಆಗಲೇ.

ಎಲ್ಲ ವೈರಸ್ಸುಗಳೂ ಬ್ಯಾಕ್ಟೀರಿಯಾದ ನೆರವಿಗೆ ಕಾಯುವುದಿಲ್ಲ. ಸೀತಾಳೆ ಸಿಡುಬಿನ ವೈರಸ್ ತಾನೇ ಶ್ವಾಸಕೋಶಕ್ಕಿಳಿಯಬಲ್ಲದು. ಮಕ್ಕಳಿಗೆ ‘ಅಮ್ಮ’ ಬಂದರೆ ಬೇವಿನ ಸೊಪ್ಪು ಇಟ್ಟು ವಾರ ಕಳೆಯುತ್ತೇವೆ, ಸಾಮಾನ್ಯವಾಗಿ ಅಷ್ಟೇ ಸಾಕು. ನಮ್ಮಂಥ ಬಿಸಿಲ ನಾಡುಗಳಲ್ಲಿ ಬಾಲ್ಯದಲ್ಲಿ ಬಾರದೆ ದೊಡ್ಡವರಾದ ಮೇಲೆ ಬರುವುದು ಹೆಚ್ಚು, ದೊಡ್ಡವರಲ್ಲಿ ಅದು ಬೇರೆಯೇ ಕಾಯಿಲೆ. ಬೊಕ್ಕೆ ಎದ್ದ ಒಂದರಿಂದ ಆರು ದಿನಗಳೊಳಗೆ ಕೆಮ್ಮು, ಏದುಸಿರು ಶುರುವಾದರೆ ಹುಷಾರಾಗಬೇಕು. ಅಮೆರಿಕದಲ್ಲಿ ಸೀತಾಳೆ ಸಿಡುಬು ಬಂದ 347 ಗರ್ಭಿಣಿಯರನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18 ಮಂದಿಗೆ ನ್ಯುಮೋನಿಯಾ ಆಗಿತ್ತು. ಸಿಗರೇಟು ಸೇದುವವರಲ್ಲಿ ಅದರ ಸಂಭವ ಸುಮಾರು ಐದು ಪಟ್ಟು. ಮೈಮೇಲೆ ನೂರಕ್ಕಿಂತ ಹೆಚ್ಚು ಬೊಕ್ಕೆ ಎದ್ದವರಲ್ಲಿ ಅದಕ್ಕಿಂತಲೂ ಬಹಳ ಹೆಚ್ಚು. ಯಾರಿಗೆ ಅಪಾಯ ಹೆಚ್ಚೆಂಬುದನ್ನು ಇಲ್ಲಿ ಎಣಿಸಿಯೇ ಹೇಳಬಹುದು, ಯಂತ್ರ ಬೇಡ. ಅಮ್ಮ ಬಂದ ಮನೆಗೆ ಡಾಕ್ಟರನ್ನು ಕರೆಯಬಾರದೆಂಬ ನಂಬಿಕೆ ಇನ್ನೂ ಉಳಿದಿರುವ ಕಡೆಗಳಲ್ಲಿ ಬಸಿರಿ ಹೆಣ್ಣುಮಗಳಿಗೆ ಬೊಕ್ಕೆ ಎದ್ದರೆ ಆ ನಂಬಿಕೆಯನ್ನು ಬದಿಗಿಡಲೇಬೇಕು. ಎಸೈಕ್ಲೋವಿರ್ ಎಂಬ ಔಷಧಿ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಕೋವಿಡ್ ಬಂದಾಗ ನ್ಯುಮೋನಿಯಾಕ್ಕೆ ಕಾರಣವಾಗುವ ಇನ್ನೂ ಆಳದ ಸಂಗತಿಗಳು ಗೊತ್ತಾದವು. ಪ್ಯಾರಿಸ್ ಮತ್ತು ನ್ಯೂಯಾರ್ಕ್‌ನಲ್ಲಿ ಪ್ರಯೋಗಾಲಯಗಳಿರುವ ಜ್ಯಾಂ-ಲೋರಾಂ ಕಸನೋವಾ ಅವರ ತಂಡ 2020ರಲ್ಲಿ ಪ್ರಾಣಾಪಾಯದ ಕೋವಿಡ್ ನ್ಯುಮೋನಿಯಾ ಆಗಿದ್ದ 987 ಜನರ ರಕ್ತ ನೋಡಿತು. 101 ಮಂದಿಯಲ್ಲಿ, ಅಂದರೆ ಹತ್ತರಲ್ಲೊಬ್ಬರಲ್ಲಿ, ತಮ್ಮದೇ ಇಂಟರ್‌ಫೆರಾನ್‌ಗಳನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿದ್ದವು. ವೈರಸ್ ಬಂತೆಂದು ಅಕ್ಕಪಕ್ಕದ ಕೋಶಗಳಿಗೆ ಸುದ್ದಿ ಮುಟ್ಟಿಸುವ ಮೊದಲ ಕರೆಯೇ ಈ ಇಂಟರ್‌ಫೆರಾನ್. ಆ 101 ಮಂದಿಯಲ್ಲಿ 95 ಗಂಡಸರು. ಸೋಂಕು ತಗುಲಿಯೂ ಸುಲಭವಾಗಿ ಪಾರಾದ 663 ಜನರಲ್ಲಿ ಒಬ್ಬರಲ್ಲೂ ಆ ಪ್ರತಿಕಾಯ ಇರಲಿಲ್ಲ. ಅದೇ ವರ್ಷ ಹ್ಯೂಗೋ ಝೆಬರ್ಗ್ ಮತ್ತು ಸ್ವಾಂಟೆ ಪಾಬೊ ಮೂರನೆಯ ವರ್ಣತಂತುವಿನಲ್ಲಿ ಕೋವಿಡ್ಡನ್ನು ತೀವ್ರಗೊಳಿಸುವ ಒಂದು ತುಣುಕನ್ನು ಗುರುತಿಸಿದರು. ಅದು ನಿಯಾಂಡರ್ಥಲ್ ಮಾನವರಿಂದ ಬಂದದ್ದು. ಯೂರೋಪಿನಲ್ಲಿ ನೂರಕ್ಕೆ 16 ಮಂದಿಯಲ್ಲಿ ಅದಿದ್ದರೆ ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿದೆ. ಅಂದರೆ ಈ ಪುಟ ಓದುತ್ತಿರುವವರಲ್ಲಿ ಬಹಳ ಮಂದಿಯ ಮೈಯಲ್ಲಿ ಅದು ಇದೆ. ಇಂಥ ವಿಷಯ ತಿಳಿಯುವುದು ರೋಮಾಂಚನವೇ. ಆದರೆ ಇಂದು ರಾತ್ರಿ ಏದುಸಿರು ಬಿಡುತ್ತಿರುವ ರೋಗಿಗೆ ಅದರಿಂದ ಉಪಯೋಗ ಸ್ವಲ್ಪವೇ.

ಕೈ ಮೀರಿದ್ದು, ಕೈಯಲ್ಲಿರುವುದು ಈ ಎರಡರ ನಡುವೆ ಸಕ್ಕರೆ ಕಾಯಿಲೆ ನಿಲ್ಲುತ್ತದೆ. ಭಾರತದಲ್ಲಿ ಅದು 10 ಕೋಟಿಗೂ ಹೆಚ್ಚು ಜನರಿಗಿದೆ ಎಂದು 2023ರಲ್ಲಿ ಐಸಿಎಂಆರ್ ಸಮೀಕ್ಷೆ ಹೇಳಿತು. ಕಾಯಿಲೆಯನ್ನು ಅಳಿಸಲಾಗದು, ಆದರೆ ವಾರ್ಡಿನಲ್ಲಿರುವಷ್ಟು ದಿನ ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡಬಹುದು. ಇಲ್ಲಿ ಸ್ಟೀರಾಯ್ಡಿನ ಮಾತು ಬರುತ್ತದೆ. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಡೆಕ್ಸಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವು ಶೇ. 41.4ರಿಂದ 29.3ಕ್ಕೆ ಇಳಿಯಿತು. ಆಕ್ಸಿಜನ್ ಬೇಕಾಗಿರದ ರೋಗಿಗಳಲ್ಲಿ ಮಾತ್ರ ಔಷಧಿ ಪಡೆದವರಲ್ಲಿ ಶೇ. 17.8, ಪಡೆಯದವರಲ್ಲಿ ಶೇ. 14 ಸಾವು. ಆಕ್ಸಿಜನ್ ಬೇಡದ ಈ ಗುಂಪಿಗೆ ಪ್ರಯೋಜನ ಕಾಣಲಿಲ್ಲ, ಹಾನಿಯ ಅನುಮಾನ ಉಳಿಯಿತು. 2021ರ ಬೇಸಿಗೆಯಲ್ಲಿ ನಮ್ಮಲ್ಲಿ ಆಕ್ಸಿಜನ್ ಬೇಡದವರಿಗೂ, ಮನೆಯಲ್ಲಿದ್ದವರಿಗೂ ಸ್ಟೀರಾಯ್ಡ್ ಮಾತ್ರೆ ನುಂಗಿಸಿದ್ದುಂಟು. ಸಕ್ಕರೆ ಏರಿತು, ಕಪ್ಪು ಶಿಲೀಂಧ್ರ ಬಂತು.

ಈಗ ಆಸ್ಪತ್ರೆಯ ಮಂಚಕ್ಕೆ ಬರೋಣ. ಊಟ ಮಾಡುವಾಗ ಮಾತಾಡಿದರೆ ನೆತ್ತಿಗೆ ಹತ್ತುತ್ತದೆ, ಕೆಮ್ಮಿ ಹೊರಹಾಕುತ್ತೇವೆ. ಸದ್ದಿಲ್ಲದೆ ಇಳಿಯುವುದೂ ಇದೆ. 1978ರ ಒಂದು ಅಧ್ಯಯನದಲ್ಲಿ, ಆರೋಗ್ಯವಂತರು ಗಾಢ ನಿದ್ದೆಯಲ್ಲಿದ್ದಾಗ ಸುಮಾರು ಅರ್ಧದಷ್ಟು ಜನರಲ್ಲಿ ಗಂಟಲಿನ ಎಂಜಲು ಸ್ವಲ್ಪ ಶ್ವಾಸಕೋಶಕ್ಕೆ ಇಳಿದಿತ್ತು. ಎಚ್ಚರ ತಪ್ಪಿದ್ದವರಲ್ಲಿ ಹತ್ತರಲ್ಲಿ ಏಳು ಮಂದಿಗೆ. ಆರೋಗ್ಯವಂತರಿಗೆ ಇದರಿಂದ ಏನೂ ಆಗದು, ರೋಮಗಳೂ ಮಹಾಭಕ್ಷಕ ಕೋಶಗಳೂ ಇವೆ. ಆಸ್ಪತ್ರೆಯಲ್ಲಿ ಬದಲಾಗುವುದು ಆ ಎಂಜಲಿನಲ್ಲಿ ಇರುವುದೇನು ಎಂಬುದು. ಅಮೆರಿಕದ ಡಾಲಸ್‌ನ ವೈದ್ಯರು 1972ರಲ್ಲಿ ತೀವ್ರ ನಿಗಾ ಘಟಕದ 213 ರೋಗಿಗಳ ಗಂಟಲಿನ ಸ್ವಾಬ್ ತೆಗೆದು ನೋಡಿದರು. 95 ಮಂದಿಯ ಗಂಟಲಲ್ಲಿ, ಮನೆಯಲ್ಲಿರುವವರಲ್ಲಿ ಸಾಮಾನ್ಯವಾಗಿ ಕಾಣದ ಗ್ರಾಮ್-ಋಣ ಬ್ಯಾಕ್ಟೀರಿಯಾಗಳು ಬೀಡುಬಿಟ್ಟಿದ್ದವು. ಅವರಲ್ಲಿ 22 ಮಂದಿಗೆ ಶ್ವಾಸಕೋಶದ ಸೋಂಕಾಯಿತು. ಉಳಿದ 118 ಮಂದಿಯಲ್ಲಿ ನಾಲ್ವರಿಗೆ ಮಾತ್ರ.

ಹಾಗಾದರೆ ಬಾಯಿ ಸ್ವಚ್ಛವಾಗಿಟ್ಟರೆ? ಇಷ್ಟು ಸಾದಾ ಪ್ರಶ್ನೆಗೆ ಗಟ್ಟಿ ಉತ್ತರ ಸಿಗಲು ಬಹಳ ಕಾಲ ಹಿಡಿಯಿತು. 2023ರ ಕೊನೆಯಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 15 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ದಿನವೂ ಬ್ರಷ್‌ನಿಂದ ಹಲ್ಲುಜ್ಜಿಸಿದ ರೋಗಿಗಳಲ್ಲಿ ಆಸ್ಪತ್ರೆಯಲ್ಲಿ ತಗುಲುವ ನ್ಯುಮೋನಿಯಾ ಮೂರನೇ ಒಂದರಷ್ಟು ಕಡಿಮೆಯಾಗಿತ್ತು, ಐಸಿಯುನಲ್ಲಿ ಸಾವೂ ಇಳಿದಿತ್ತು. ಹತ್ತಿಪ್ಪತ್ತು ರೂಪಾಯಿಯ ಬ್ರಷ್ ಇದು. ಆಸ್ಪತ್ರೆಗೆ ಹೊರಡುವಾಗ ಫ್ಲಾಸ್ಕು, ಹೊದಿಕೆ, ಲೋಟ ತೆಗೆದುಕೊಳ್ಳುವ ನಾವು ಬ್ರಷ್ ಮರೆಯುತ್ತೇವೆ. ಕಾಯಿಲೆಯವರಿಗೆ ಹಲ್ಲುಜ್ಜಿಸುವುದು ಏಕೆ, ನಾಳೆ ಆಗಲಿ ಎನ್ನುತ್ತೇವೆ.

ಮಂಚದ ತಲೆಭಾಗದ ಕಥೆಯೂ ಹೀಗೆಯೇ. ಸ್ಪೇನಿನ ಬಾರ್ಸಿಲೋನಾದಲ್ಲಿ ವೆಂಟಿಲೇಟರ್ ಮೇಲಿದ್ದ 86 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಚಪ್ಪಟೆ ಮಂಚ, ಇನ್ನೊಂದಕ್ಕೆ 45 ಡಿಗ್ರಿ ಒರಗು. ಚಪ್ಪಟೆ ಮಲಗಿದ 47 ಮಂದಿಯಲ್ಲಿ 16 ಜನರಲ್ಲಿ ನ್ಯುಮೋನಿಯಾದ ಲಕ್ಷಣ ಕಂಡಿತು, ಒರಗಿದ್ದ 39ರಲ್ಲಿ ಮೂವರಲ್ಲಿ. ವ್ಯತ್ಯಾಸ ಎಷ್ಟು ದೊಡ್ಡದಿತ್ತೆಂದರೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. 1999ರಲ್ಲಿ ಅದು ಲಾನ್ಸೆಟ್ ಪತ್ರಿಕೆಯಲ್ಲಿ ಬಂತು. ನಮ್ಮ ವಾರ್ಡುಗಳಲ್ಲಿ ಊಟ ಮಾಡಿಸುವವರು ಮನೆಯವರು. ಜ್ವರದ ಮಂಪರಿನಲ್ಲಿ ಮಲಗಿರುವ ಅಜ್ಜನ ಕುತ್ತಿಗೆಯ ಕೆಳಗೆ ಕೈ ಕೊಟ್ಟು ಸ್ವಲ್ಪವೇ ಎತ್ತಿ, ‘ಬಾಯಿ ತೆಗಿ ಅಪ್ಪಾ’ ಎಂದು ಚಮಚದಲ್ಲಿ ನೀರು ಬಿಡುತ್ತಾರೆ. ಅಜ್ಜ ನುಂಗಲಿಲ್ಲ, ನೀರು ಬಾಯಲ್ಲೇ ನಿಂತಿದೆ, ಮುಂದಿನ ಉಸಿರಿಗೆ ಗುಳುಗುಳು ಸದ್ದು ಬರುತ್ತದೆ. ಪ್ರೀತಿಯಿಂದ ಮಾಡಿದ ಈ ಕೆಲಸಕ್ಕಿಂತ ನೇರವಾಗಿ ಬ್ಯಾಕ್ಟೀರಿಯಾವನ್ನು ಶ್ವಾಸಕೋಶಕ್ಕೆ ಇಳಿಸುವ ದಾರಿ ಇನ್ನೊಂದಿಲ್ಲ. ಪೂರ್ತಿ ಎಚ್ಚರವಿದ್ದಾಗ, ನೇರ ಕೂರಿಸಿ, ಒಂದು ಗುಟುಕು ನುಂಗಿದ್ದು ಖಾತ್ರಿಯಾದ ಮೇಲೆ ಇನ್ನೊಂದು ಕೊಡಬೇಕು. ಊಟವಾದ ಮೇಲೂ ಅರ್ಧ ಗಂಟೆ ಒರಗಿಸಿಯೇ ಇಡಬೇಕು. ಮಂಚ ಮಡಚಿಕೊಳ್ಳದಿದ್ದರೆ ಬೆನ್ನ ಹಿಂದೆ ಕಂಬಳಿ ಸುತ್ತಿ ಇಡಬಹುದು. ಇದನ್ನು ಮನೆಯವರಿಗೆ ಹೇಳಿಕೊಡುವುದು ಯಾರ ಕೆಲಸ ಎಂದು ನಮ್ಮ ಆಸ್ಪತ್ರೆಗಳು ತೀರ್ಮಾನಿಸಿಲ್ಲ. ತೀರ್ಮಾನಿಸಲೇಬೇಕು.

ಮುನ್ನೆಚ್ಚರಿಕೆಗೆ ಇರಲಿ ಎಂದು ಮೊದಲ ದಿನದಿಂದಲೇ ಆಂಟಿಬಯಾಟಿಕ್ ಹಾಕುವ ರೂಢಿ ಈ ಅಪಾಯವನ್ನು ತಡೆಯುವುದಿಲ್ಲ. ಸುಲಭದ ಬ್ಯಾಕ್ಟೀರಿಯಾಗಳು ಸತ್ತ ಗಂಟಲಲ್ಲಿ ಔಷಧಿಗೆ ಬಗ್ಗದವು ನೆಲೆಯೂರುತ್ತವೆ. 2020ರಲ್ಲಿ 24 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕೋವಿಡ್ ರೋಗಿಗಳಲ್ಲಿ ದಾಖಲಾಗುವಾಗಲೇ ಬ್ಯಾಕ್ಟೀರಿಯಾದ ಸೋಂಕಿದ್ದವರು ನೂರಕ್ಕೆ ಮೂರೂವರೆ, ನಂತರ ಅದು ತಗುಲಿದವರು ನೂರಕ್ಕೆ 14ರಷ್ಟು. ಆಂಟಿಬಯಾಟಿಕ್ ಪಡೆದವರು ಮಾತ್ರ ನೂರಕ್ಕೆ 70ಕ್ಕೂ ಹೆಚ್ಚು. ಬೇಕಾದವರಿಗೆ ಬೇಗ ಕೊಡಬೇಕಾದರೆ ಎರಡನೆಯ ಏರನ್ನು ಕಾಯ್ದು ಹಿಡಿಯಬೇಕು.

ಅದನ್ನು ಹಿಡಿಯಲು ಉಸಿರು ಎಣಿಸುವುದಕ್ಕಿಂತ ಒಳ್ಳೆಯ ಸಾಧನ ಕಡಿಮೆ. ನಾಡಿ, ಬಿಪಿ, ಆಕ್ಸಿಜನ್ ಎಲ್ಲಕ್ಕೂ ಯಂತ್ರವಿದೆ. ಉಸಿರಿಗೆ ಮಾತ್ರ ಒಬ್ಬರು ಪೂರ್ತಿ ಒಂದು ನಿಮಿಷ ನಿಂತು ನೋಡಬೇಕು. ಕೆಲಸದ ಒತ್ತಡದಲ್ಲಿ ಪಟ್ಟಿಯ ಆ ಕಾಲಮ್ಮಿನಲ್ಲಿ ಎಲ್ಲರಿಗೂ 18 ಅಥವಾ 20 ಎಂದು ಬರೆದು ಮುಂದೆ ಹೋಗುವುದು ಜಗತ್ತಿನಾದ್ಯಂತ ಕಂಡುಬಂದಿರುವ ತಪ್ಪು. ಎಣಿಸುತ್ತಿದ್ದೇವೆಂದು ರೋಗಿಗೆ ಗೊತ್ತಾದರೆ ಉಸಿರಿನ ಲಯವೇ ಬದಲಾಗುತ್ತದೆ. ಅದಕ್ಕೇ ಪಳಗಿದ ಸಿಸ್ಟರ್ ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದು, ಕಣ್ಣು ಮಾತ್ರ ಎದೆಯ ಮೇಲೆ ಹೊದ್ದ ಹೊದಿಕೆಯ ಏರಿಳಿತದ ಮೇಲಿಡುತ್ತಾರೆ. ನಿಮಿಷಕ್ಕೆ 30 ಅಥವಾ ಹೆಚ್ಚು ಉಸಿರು, ಹೊಸದಾಗಿ ಬಂದ ಗೊಂದಲದ ಮಾತು, ರಕ್ತದಲ್ಲಿ ಏರಿದ ಯೂರಿಯಾ, ಇಳಿದ ಬಿಪಿ, 65 ದಾಟಿದ ವಯಸ್ಸು. ನ್ಯುಮೋನಿಯಾ ಎಷ್ಟು ಗಂಭೀರವೆಂದು ಅಳೆಯಲು 2003ರಿಂದ ಬಳಕೆಯಲ್ಲಿರುವ ಅಳತೆಗೋಲು ಇಷ್ಟೇ. ಒಂದರಿಂದ ಐದು ವರ್ಷದ ಮಗುವಾದರೆ 40, ವರ್ಷದೊಳಗಿನ ಎರಡು ತಿಂಗಳು ದಾಟಿದ ಕೂಸಾದರೆ 50 ಉಸಿರು ಎಚ್ಚರಿಕೆಯ ಗೆರೆ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ ಎಣಿಸುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು.

ಶೋಪ್ ಹಂದಿಗಳಲ್ಲಿ ಕಂಡದ್ದು ಮನುಷ್ಯರಲ್ಲೂ ನಿಜವೇ ಎಂಬುದಕ್ಕೆ ಅತ್ಯಂತ ಗಟ್ಟಿ ಪುರಾವೆ ಸಿಕ್ಕಿದ್ದು ದಕ್ಷಿಣ ಆಫ್ರಿಕಾದ ಸೊವೆಟೋದಲ್ಲಿ. ಶಬೀರ್ ಮಾಧಿ ಮತ್ತು ಕೀತ್ ಕ್ಲುಗ್‌ಮನ್ 37,107 ಶಿಶುಗಳ ಪ್ರಯೋಗದ ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು. ಕೆಲವು ಮಕ್ಕಳಿಗೆ ನ್ಯುಮೋಕಾಕಸ್ ಲಸಿಕೆ, ಉಳಿದವರಿಗೆ ಬರೀ ನೀರಿನಂಥ ಚುಚ್ಚುಮದ್ದು. ಆ ಲಸಿಕೆಗೆ ಯಾವ ವೈರಸ್ಸಿನ ಗೊಡವೆಯೂ ಇಲ್ಲ. ಹಾಗಿದ್ದೂ ಫ್ಲೂ ಮೊದಲಾದ ಏಳು ವೈರಸ್ಸುಗಳಲ್ಲಿ ಯಾವುದಾದರೊಂದು ತಗುಲಿ ನ್ಯುಮೋನಿಯಾ ಎಂದು ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ ಲಸಿಕೆ ಪಡೆದ ಗುಂಪಿನಲ್ಲಿ ಶೇ. 31ರಷ್ಟು ಕಡಿಮೆ ಇತ್ತು. ವೈರಸ್ಸಿನದೇ ನ್ಯುಮೋನಿಯಾ ಎಂದು ಬರೆದಿಟ್ಟ ಕಾಯಿಲೆಗಳಲ್ಲಿ ಅಷ್ಟು ಭಾಗದ ಹಿಂದೆ ಬ್ಯಾಕ್ಟೀರಿಯಾವೂ ಇತ್ತು, ಪರೀಕ್ಷೆಗಳಿಗೆ ಸಿಗದೆ ಉಳಿದಿತ್ತು.

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಈ ಲಸಿಕೆ 2017ರಲ್ಲಿ ಹಿಮಾಚಲ ಪ್ರದೇಶ ಮೊದಲಾದ ಕೆಲವೇ ರಾಜ್ಯಗಳಲ್ಲಿ ಬಂದು 2021ರಲ್ಲಿ ದೇಶದ ಉಳಿದೆಡೆಗೂ ಬಂತು. ಕರ್ನಾಟಕದ ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಮಕ್ಕಳಿಗೆ ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು ಎಂದು ಮೂರು ಬಾರಿ ಉಚಿತವಾಗಿ ಕೊಡುತ್ತಾರೆ. 65 ದಾಟಿದವರಿಗೆ, ಸಕ್ಕರೆ ಕಾಯಿಲೆ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರಿಗೆ ನ್ಯುಮೋಕಾಕಸ್ ಲಸಿಕೆ ಮತ್ತು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಬೇಕೆಂದು ವೈದ್ಯರು ಹೇಳುತ್ತಾರೆ. ಅವರು ಮಾತ್ರ ಡಾಕ್ಟರನ್ನು ತಾವಾಗಿಯೇ ಕೇಳಿ, ಹೆಚ್ಚಾಗಿ ಕೈಯಿಂದಲೇ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು.